ಕೆಂಪು ಡೀಸೆಲ್ ಪಿಕಪ್‌ಗೆ ಹಾಕಬಹುದಾ? ಜಮೀನಿನೊಳಗೆ ಮಾತ್ರ ಓಡಿಸ್ತೀನಿ ಅಂದ್ರೂ ಯಾಕೆ ಬೇಡ

ಪ್ರಶ್ನೆ: ಸರ್, ನಾವು ಟೆಕ್ಸಾಸ್‌ನಲ್ಲಿ ಆಸ್ಟಿನ್‌ನಿಂದ ಒಂದೂವರೆ ಗಂಟೆ ದೂರದಲ್ಲಿ 22 ಎಕರೆ ಜಮೀನು ತಗೊಂಡಿದೀವಿ, ಹುಲ್ಲು ಬೆಳೀತೀವಿ, ಮೂವತ್ತು ಮೇಕೆ ಇದಾವೆ, ಸ್ಕೆಡ್ಯೂಲ್ ಎಫ್ (ಕೃಷಿ ಆದಾಯ ತೋರಿಸೋ ತೆರಿಗೆ ಪತ್ರ) ಕೂಡ ಫೈಲ್ ಮಾಡ್ತೀವಿ. ಒಂದು ಹಳೇ ಟ್ರ್ಯಾಕ್ಟರ್, ಒಂದು ಡೀಸೆಲ್ ಪಿಕಪ್ ಇದೆ. ಪಕ್ಕದ ಜಮೀನಿನ ಅಜ್ಜ ತಮ್ಮ ಟ್ಯಾಂಕಿಂದ ನೂರು ಗ್ಯಾಲನ್ ಕೆಂಪು ಡೀಸೆಲ್ (ರಸ್ತೆ ತೆರಿಗೆ ಇಲ್ಲದೆ ಹೊಲದ ಯಂತ್ರಗಳಿಗೆ ಮಾರೋ, ಬಣ್ಣ ಬೆರೆಸಿದ ಡೀಸೆಲ್) ಕೊಟ್ರು, ಬಂಕ್ ರೇಟಿಗಿಂತ ಕಡಿಮೆ. ಟ್ರ್ಯಾಕ್ಟರಿಗೆ ಹಾಕ್ತಾ ಇದ್ವಿ, ಕಳೆದ ವಾರ ಪಿಕಪ್‌ಗೂ 10 ಗ್ಯಾಲನ್ ಹಾಕ್ಬಿಟ್ಟೆ, ಹೇಗೂ ಬೇಲಿ ಕೆಲಸಕ್ಕೆ ಒಳಗೇ ಓಡಿಸೋದಲ್ವಾ ಅಂತ. ಈಗ ಒಬ್ರು ಫ್ರೆಂಡ್ ಸಾವಿರ ಡಾಲರ್ ಫೈನ್ ಅಂತ ಹೆದರಿಸ್ತಿದಾರೆ. ನಿಜವಾ? ಟ್ರ್ಯಾಕ್ಟರ್‌ನ ರಸ್ತೆ ದಾಟಿಸಿ ಆ ಕಡೆ ತುಂಡಿಗೆ ಒಯ್ಯಬೇಕು, ಅದಕ್ಕೇನು ರೂಲ್ಸು? ಮನೆ ಜನರೇಟರಿಗೆ ಹಾಕಬಹುದಾ?

ಉತ್ತರ: ಮೊದಲು ಅರ್ಜೆಂಟ್ ಮಾತು ಹೇಳ್ಬಿಡ್ತೀನಿ, ಉಳಿದಿದ್ದು ನಿಧಾನಕ್ಕೆ ಓದಿ. ಆ ಪಿಕಪ್‌ನ ಗೇಟಿಂದ ಆಚೆ ತೆಗೀಬೇಡಿ. ಟ್ಯಾಂಕ್ ಪೂರ್ತಿ ಇಳಿಸಿ, ಫ್ಯುಯೆಲ್ ಫಿಲ್ಟರ್ ಬದಲಾಯಿಸಿ, ಸ್ವಲ್ಪ ಕ್ಲಿಯರ್ (ಬಣ್ಣ ಇಲ್ಲದ, ತೆರಿಗೆ ಕಟ್ಟಿದ) ಡೀಸೆಲ್ ಹಾಕಿ ಇಂಜಿನ್ ಒಂದಷ್ಟು ಹೊತ್ತು ಓಡಿಸಿ ಅದನ್ನೂ ಇಳಿಸಿ, ಆಮೇಲೆ ಬಂಕಿನ ಡೀಸೆಲ್ ತುಂಬಿಸಿ. ಇಳಿಸಿದ ಎಣ್ಣೆ ಚೆಲ್ಲೋದೇನೂ ಬೇಡ, ಕಸ ಇಲ್ದಂಗೆ ಸೋಸಿ ಟ್ರ್ಯಾಕ್ಟರಿಗೆ ಹಾಕಿ, ಅಲ್ಲಿ ಅದು ಪೂರ್ತಿ ಕಾನೂನುಬದ್ಧ.

ಸಾವಿರ ಡಾಲರ್ ಮಾತು ನಿಜ, ನಿಮ್ಮ ಫ್ರೆಂಡ್ ಸರಿಯಾಗೇ ಹೇಳಿದಾರೆ. ಆದ್ರೆ ಯಾವಾಗ ಬೀಳುತ್ತೆ ಯಾಕೆ ಬೀಳುತ್ತೆ ಅಂತ ಗೊತ್ತಾದ್ರೆ ಭಯ ಪಡೋ ಅಗತ್ಯ ಇಲ್ಲ. ನಾನು ಇಲ್ಲಿ ರೈತರ ಟ್ಯಾಕ್ಸ್ ಫೈಲ್ ಮಾಡೋ ಕೆಲಸ ಮಾಡ್ಕೊಂಡು ಬಂದಿದೀನಿ, ಪ್ರತಿ ಸೀಸನ್ನಲ್ಲೂ ಈ ಪ್ರಶ್ನೆ ಬಂದೇ ಬರುತ್ತೆ, ಅದ್ರಲ್ಲೂ ಊರಲ್ಲಿ ಜಮೀನು ನೋಡಿ ಬೆಳೆದು ಇಲ್ಲಿ ಹೊಸದಾಗಿ ತಗೊಂಡೋರಿಂದ ಜಾಸ್ತಿ, ಯಾಕಂದ್ರೆ ಊರಲ್ಲಿ ಟ್ರ್ಯಾಕ್ಟರಿಗೂ ಜೀಪಿಗೂ ಒಂದೇ ಬಂಕು ಒಂದೇ ಎಣ್ಣೆ.

ಬಣ್ಣ ಯಾಕೆ ಅನ್ನೋದು ನಮ್ಮವರಿಗೆ ಬೇಗ ಅರ್ಥ ಆಗುತ್ತೆ. ನ್ಯಾಯಬೆಲೆ ಅಂಗಡೀಲಿ ಕೊಡ್ತಿದ್ದ ನೀಲಿ ಸೀಮೆಎಣ್ಣೆ ನೆನಪಿದೆಯಲ್ಲ? ಬಡವರ ದೀಪಕ್ಕೆ ಸ್ಟೋವಿಗೆ ಅಂತ ಸಬ್ಸಿಡಿ ಕೊಟ್ಟ ಎಣ್ಣೆ ಲಾರಿ ಟ್ಯಾಂಕಿಗೆ ಹೋಗಬಾರದು ಅಂತಲೇ ಅದಕ್ಕೆ ನೀಲಿ ಬೆರೆಸ್ತಿದ್ದಿದ್ದು. ಮಲ್ಪೆ, ಮಂಗಳೂರು ಕಡೆ ಯಾಂತ್ರಿಕ ದೋಣಿಗಳಿಗೆ ಕರರಹಿತ ಡೀಸೆಲ್ ಕೊಡ್ತಾರಲ್ಲ, ಅದರ ಹಿಂದಿನ ಯೋಚನೇನೂ ಇದೇ, ರಸ್ತೆ ಮೇಲೆ ಓಡದ ಇಂಜಿನ್ ಮೇಲೆ ರಸ್ತೆ ಎಣ್ಣೆ ತೆರಿಗೆ ಹೊರೆ ಯಾಕೆ ಅಂತ. ಅಮೆರಿಕದಲ್ಲಿ ಡೀಸೆಲ್ ಮೇಲಿನ ಫೆಡರಲ್ (ಕೇಂದ್ರ ಸರ್ಕಾರದ) ತೆರಿಗೆ ಬಹುಪಾಲು ಹೋಗೋದು ಹೈವೇ ಟ್ರಸ್ಟ್ ಫಂಡ್‌ಗೆ, 1956ರಲ್ಲಿ ಶುರುವಾಗಿದ್ದು, ಅಂದ್ರೆ ರಸ್ತೆ ಸವೆಸೋರು ರಸ್ತೆಗೆ ದುಡ್ಡು ಕೊಡಲಿ ಅಂತ. ಹೊಲ ಉಳೋ ಟ್ರ್ಯಾಕ್ಟರ್ ಹೈವೇ ಸವೆಸಲ್ಲ, ಹಾಗಾಗಿ ಅದರ ಎಣ್ಣೆಗೆ ಆ ತೆರಿಗೆ ಇಲ್ಲ. ಇದು ರೈತರಿಗೆ ಮಾಡಿದ ದಯೆ ಅಲ್ಲ, ನ್ಯಾಯ, ಆ ನ್ಯಾಯ ಉಳೀಬೇಕು ಅಂದ್ರೆ ಅದನ್ನ ದುರುಪಯೋಗ ಮಾಡಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ದುರುಪಯೋಗ ಆಗಿದ್ದೂ ಸಣ್ಣ ಪ್ರಮಾಣದಲ್ಲಲ್ಲ. 1980ರ ದಶಕದಲ್ಲಿ ನ್ಯೂಯಾರ್ಕ್, ನ್ಯೂಜೆರ್ಸಿ ಕಡೆ ಮನೆ ಬಿಸಿ ಮಾಡೋಕೆ ಅಂತ ತೆರಿಗೆ ಇಲ್ಲದೆ ತಗೊಂಡ ಎಣ್ಣೇನ ಕಾಗದದ ಮೇಲೆ ಒಂದು ಕಂಪನಿಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಮಾರ್ತಾ ಹೋಗಿ, ಮಧ್ಯದಲ್ಲಿ ಒಂದು ಕಂಪನಿ ತೆರಿಗೆ ಕಟ್ಟಬೇಕಾದ ಹೊತ್ತಿಗೆ ಮಾಯ ಆಗೋದು, ಎಣ್ಣೆ ಮಾತ್ರ ಟ್ರಕ್ ಡೀಸೆಲ್ ಆಗಿ ಪೂರ್ತಿ ರೇಟಿಗೆ ಮಾರಾಟ ಆಗಿರೋದು. ಮಾಫಿಯಾ ಗುಂಪುಗಳು ಇದ್ರಲ್ಲಿ ಕೋಟಿಗಟ್ಟಲೆ ನುಂಗಿದ್ವು. ಅದಾದ್ಮೇಲೆ 1993ರಲ್ಲಿ ಅಮೆರಿಕದ ಸಂಸತ್ತು ಕಾಂಗ್ರೆಸ್ ಕಾನೂನು ಮಾಡ್ತು, 1994ರ ಜನವರಿ 1ರಿಂದ ತೆರಿಗೆ ವಸೂಲಿ ದೊಡ್ಡ ಡಿಪೋ ಟರ್ಮಿನಲ್ಲಲ್ಲೇ, ಟ್ಯಾಂಕರಿಗೆ ತುಂಬೋ ಜಾಗದಲ್ಲೇ ಆಗೋಕೆ ಶುರುವಾಯ್ತು. ಅಲ್ಲಿಂದ ತೆರಿಗೆ ಇಲ್ಲದೆ ಹೊರಗೆ ಬರಬೇಕು ಅಂದ್ರೆ ಅದು ಕೆಂಪಾಗೇ ಬರಬೇಕು. ಬಣ್ಣದ ಹೆಸರು ಸಾಲ್ವೆಂಟ್ ರೆಡ್ 164. ಪ್ರಮಾಣ ಎಷ್ಟು ಅಂದ್ರೆ ಸಾವಿರ ಬ್ಯಾರಲ್‌ಗೆ, ಅಂದ್ರೆ 42,000 ಗ್ಯಾಲನ್‌ಗೆ, 3.9 ಪೌಂಡ್ ಘನ ಬಣ್ಣಕ್ಕೆ ಸಮ, ನಮ್ಮ ಲೆಕ್ಕದಲ್ಲಿ ಎರಡು ಕೆಜಿಗೂ ಕಡಿಮೆ. ಅಷ್ಟು ಕಡಿಮೆ ಬಣ್ಣಕ್ಕೇ ಅಷ್ಟೊಂದು ಎಣ್ಣೆ ಕೆಂಪಾಗುತ್ತೆ ಅಂದ್ರೆ ನಿಮ್ಮ ಪಿಕಪ್ ಟ್ಯಾಂಕಲ್ಲಿ ಹತ್ತು ಗ್ಯಾಲನ್ ಏನು ಮಾಡಿರುತ್ತೆ ಅಂತ ಊಹಿಸಿ.

(ಇಲ್ಲೂ ಮೊದಲು ನೀಲಿ ಪ್ರಯತ್ನ ನಡೆದಿತ್ತು. ಪರಿಸರ ಇಲಾಖೆ ಇಪಿಎ 1993ರ ಅಕ್ಟೋಬರಿಂದ ಗಂಧಕ ಜಾಸ್ತಿ ಇರೋ ಡೀಸೆಲ್‌ಗೆ ನೀಲಿ ಹಾಕಿ ಅಂದಿತ್ತು, ಆದ್ರೆ ಸಣ್ಣ ವಿಮಾನಗಳ ಪೆಟ್ರೋಲೂ ನೀಲಿ, ವಿಮಾನಕ್ಕೆ ಡೀಸೆಲ್ ಹೋದ್ರೆ ಜೀವಕ್ಕೇ ಅಪಾಯ, ಹಾಗಾಗಿ ನೀಲಿ ಬಿಟ್ಟು ಕೆಂಪೊಂದೇ ಉಳೀತು.)

ಈಗ ನಿಮ್ಮ ಪಿಕಪ್. ಇದೇ ಅಸಲಿ ಪ್ರಶ್ನೆ. ಕಾನೂನಿನ ಅಕ್ಷರ ಹಿಡಿದು ನೋಡಿದ್ರೆ ಫಾರ್ಮಿನೊಳಗೆ, ಫಾರ್ಮ್ ಕೆಲಸಕ್ಕೇ ಸುಟ್ಟ ಡೀಸೆಲ್ ಮೇಲೆ ಫೆಡರಲ್ ತೆರಿಗೆ ಇಲ್ಲ, ಅದು ಪಿಕಪ್ ಆದ್ರೂ ಸರಿ. ಇಷ್ಟನ್ನ ಓದಿ ಎಷ್ಟೋ ಜನ 'ಹಾಗಾದ್ರೆ ಕೆಂಪು ಹಾಕಬಹುದು' ಅಂತ ತೀರ್ಮಾನಕ್ಕೆ ಬರ್ತಾರೆ, ಅಲ್ಲೇ ಎಡವೋದು. ಯಾಕಂದ್ರೆ ಟ್ಯಾಂಕ್ ಒಂದೇ. ಬೆಳಿಗ್ಗೆ ಬೇಲಿ ರಿಪೇರಿಗೆ ಓಡಿಸಿದ ಅದೇ ಗಾಡಿಯಲ್ಲಿ ಸಂಜೆ ಫೀಡ್ ಅಂಗಡಿಗೆ ಹೋಗ್ತೀರ, ಗೇಟ್ ದಾಟಿ ರಸ್ತೆಗೆ ಚಕ್ರ ಇಟ್ಟ ಕ್ಷಣ ಒಳಗಿರೋ ಎಣ್ಣೆ ತೆರಿಗೆ ಕಟ್ಟಬೇಕಾದ ಬಳಕೆಗೆ ಬಂತು, ಅದಕ್ಕೆ ತೆರಿಗೆ ಕಟ್ಟಿಲ್ಲ, ಬಣ್ಣವೇ ಸಾಕ್ಷಿ. ಮೇಕೆಗೆ ಮೇವು ತರೋಕೆ ಹೋಗಿದ್ದೆ, ಅದೂ ಫಾರ್ಮ್ ಕೆಲಸಾನೇ ಅಂದ್ರೆ ನಡೆಯಲ್ಲ. ದನ, ಮೇವು, ಬೆಳೆ ಸಾಗಿಸೋಕೇ ಆದ್ರೂ ಫಾರ್ಮಿನಿಂದ ಹೊರಗೆ ರಸ್ತೆಯಲ್ಲಿ ಸುಟ್ಟಿದ್ದು ಫಾರ್ಮ್ ಬಳಕೆ ಅಲ್ಲ ಅಂತ ಐಆರ್‌ಎಸ್ (ಫೆಡರಲ್ ತೆರಿಗೆ ಇಲಾಖೆ) ಸ್ಪಷ್ಟವಾಗೇ ಹೇಳಿದೆ. ಹಾಗಾಗಿ ನಾನು ಎಲ್ಲರಿಗೂ ಹೇಳೋದು ಒಂದೇ ಮಾತು: ನಂಬರ್ ಪ್ಲೇಟ್ ಇರೋ ಗಾಡಿ ಟ್ಯಾಂಕಿಗೆ ಕೆಂಪು ಎಣ್ಣೆ ತಾಗಿಸಲೇಬೇಡಿ.

ಫೈನ್ ಲೆಕ್ಕ ಹೀಗೆ. ಸಾವಿರ ಡಾಲರ್, ಇಲ್ಲಾ ಗ್ಯಾಲನ್ನಿಗೆ ಹತ್ತು ಡಾಲರ್, ಇವೆರಡರಲ್ಲಿ ಯಾವುದು ಜಾಸ್ತಿಯೋ ಅದು. ನಿಮ್ಮ ಪಿಕಪ್ ಟ್ಯಾಂಕ್ 26 ಗ್ಯಾಲನ್ ಅಂತಿಟ್ಕೊಳ್ಳಿ, ಗ್ಯಾಲನ್ ಲೆಕ್ಕಕ್ಕೆ 260 ಡಾಲರ್ ಆಗುತ್ತೆ, ಹಾಗಾಗಿ ಸಾವಿರವೇ ಬೀಳೋದು. ಆದ್ರೆ ಮನೆ ಹತ್ರ 500 ಗ್ಯಾಲನ್ ಟ್ಯಾಂಕ್ ಇಟ್ಟು ಅದರಿಂದಲೇ ರೋಡ್ ಗಾಡಿಗೆ ಹಾಕ್ತಿದ್ರು ಅಂತ ಕಂಡ್ರೆ ಅದರಲ್ಲಿರೋ ಎಣ್ಣೇನೂ ಲೆಕ್ಕಕ್ಕೆ ಬರಬಹುದು, ಆಗ ಐದು ಸಾವಿರ. ಎರಡನೇ ಸಲ ಸಿಕ್ಕಿದ್ರೆ ಸಾವಿರ ಎರಡು ಸಾವಿರ ಆಗುತ್ತೆ, ಮೂರನೇ ಸಲ ಮೂರು, ಹೀಗೆ ಏರ್ತಾ ಹೋಗುತ್ತೆ, ಮೂರನೇ ಸಲದಿಂದ ಇಲಾಖೆಯೊಳಗೆ ಅಪೀಲ್ ಮಾಡೋ ದಾರೀನೂ ಹೆಚ್ಚುಕಮ್ಮಿ ಮುಚ್ಚಿಹೋಗುತ್ತೆ. ಚೆಕ್ ಮಾಡೋಕೆ ಬಿಡಲ್ಲ ಅಂತ ತಡೆದ್ರೆ ಅದಕ್ಕೇ ಬೇರೆ ಸಾವಿರ. ಇದೆಲ್ಲ ಫೆಡರಲ್ ಮಾತ್ರ, ಸ್ಟೇಟ್ ಫೈನ್ ಬೇರೆ ಇರುತ್ತೆ. ಈಗ ಈ ಕಡೆ ನೋಡಿ, ಉಳಿತಾಯ ಎಷ್ಟು? ಫೆಡರಲ್ ತೆರಿಗೆ ಗ್ಯಾಲನ್ನಿಗೆ 24.4 ಸೆಂಟ್, 1993ರಿಂದ ಅದು ಏರೇ ಇಲ್ಲ, ಟೆಕ್ಸಾಸ್ ತೆರಿಗೆ 20 ಸೆಂಟ್, ಎರಡೂ ಸೇರಿ 44.4 ಸೆಂಟ್. 26 ಗ್ಯಾಲನ್ ಟ್ಯಾಂಕ್ ಫುಲ್ ಮಾಡಿದ್ರೆ ತೆರಿಗೇಲಿ ಉಳಿಯೋದು ಹನ್ನೊಂದೂವರೆ ಡಾಲರ್. ಹನ್ನೊಂದೂವರೆ ಡಾಲರಿಗೆ ಸಾವಿರ ಡಾಲರ್ ಅಡ ಇಟ್ಟಂಗೆ.

ಹೇಗೆ ಹಿಡೀತಾರೆ ಅಂತ ಕೇಳ್ತೀರಲ್ವಾ, ಒಂದ್ಸಲ ನಾನೇ ಪಕ್ಕದಲ್ಲಿ ನಿಂತು ನೋಡಿದೀನಿ. ಒಬ್ಬ ಕ್ಲೈಂಟ್ ಜೊತೆ ಜಾನುವಾರು ಹರಾಜಿಗೆ ಹೋಗಿದ್ದೆ, ಪಾರ್ಕಿಂಗಲ್ಲಿ ಇಬ್ಬರು ಅಧಿಕಾರಿಗಳು ಸಾಲಾಗಿ ಡೀಸೆಲ್ ಪಿಕಪ್‌ಗಳ ಹತ್ರ ಬರ್ತಿದ್ರು. ಟ್ಯಾಂಕ್ ಮುಚ್ಚಳ ತೆಗೆಸಿ ಒಂದು ಸಣ್ಣ ಪ್ಲಾಸ್ಟಿಕ್ ಕೊಳವೆ ಒಳಗೆ ಬಿಟ್ರು, ಕೈ ಪಂಪಿಂದ ಒಂದಿಷ್ಟು ಎಳೆದು ಬೆರಳುದ್ದದ ಗಾಜಿನ ಬಾಟಲಿಗೆ ಇಳಿಸಿದ್ರು, ಬಿಸಿಲಿಗೆ ಎತ್ತಿ ಹಿಡಿದ್ರು. ಅಷ್ಟೇ, ಐದು ನಿಮಿಷ. ನಮ್ಮದು ತಿಳಿ ಜೇನುತುಪ್ಪದ ಬಣ್ಣ ಇತ್ತು, ಪಕ್ಕದ ಗಾಡಿಯವರದ್ದು ಕೋಕಂ ಶರಬತ್ತಿಗೆ ನೀರು ಜಾಸ್ತಿ ಬೆರೆಸಿದಂಗೆ ನಸುಗೆಂಪು. ಆತ ಹೇಳಿದ್ದು 'ನಾನು ಹಾಕಿ ತಿಂಗಳಾಯ್ತು, ಆಮೇಲೆ ಎರಡು ಸಲ ಬಂಕಲ್ಲೇ ತುಂಬಿಸಿದೀನಿ' ಅಂತ. ಇರಬಹುದು, ಆದ್ರೆ ಬಣ್ಣ ಅಷ್ಟು ಬೇಗ ಬಿಡಲ್ಲ, ಟ್ಯಾಂಕಿನ ತಳದಲ್ಲಿ, ಫಿಲ್ಟರಿನಲ್ಲಿ ಕೂತಿರುತ್ತೆ. ಬಾಟಲಿಗೆ ಸೀಲ್ ಹಾಕಿ ಲ್ಯಾಬಿಗೆ ಕಳಿಸಿದ್ರು. ಅದಕ್ಕೇ ನಿಮಗೆ ಟ್ಯಾಂಕ್ ಇಳಿಸಿದ್ರೆ ಸಾಲದು, ಫಿಲ್ಟರೂ ಬದಲಾಯಿಸಿ ಅಂದಿದ್ದು. ಗೊತ್ತಿರಲಿಲ್ಲ ಅನ್ನೋ ಮಾತೂ ಹೆಚ್ಚು ದೂರ ಹೋಗಲ್ಲ, ಕಾನೂನಲ್ಲಿ ಇರೋದು ಗೊತ್ತಿತ್ತು, ಅಥವಾ ಗೊತ್ತಿರಬೇಕಿತ್ತು ಅಂತ, ಕೆಂಪು ಎಣ್ಣೆ ಪಂಪ್ ಮೇಲೆ 'ಡೈಡ್ ಡೀಸೆಲ್ ಫ್ಯುಯೆಲ್, ನಾನ್‌ಟ್ಯಾಕ್ಸಬಲ್ ಯೂಸ್ ಓನ್ಲಿ, ಪೆನಾಲ್ಟಿ ಫಾರ್ ಟ್ಯಾಕ್ಸಬಲ್ ಯೂಸ್' (ಬಣ್ಣದ ಡೀಸೆಲ್, ತೆರಿಗೆ ಇಲ್ಲದ ಬಳಕೆಗೆ ಮಾತ್ರ, ತೆರಿಗೆ ಬೀಳೋ ಬಳಕೆಗೆ ದಂಡ) ಅಂತ ಬೋರ್ಡ್ ಹಾಕಲೇಬೇಕು, ಬಿಲ್ಲಿನ ಮೇಲೂ ಅದೇ ಸಾಲು ಇರಬೇಕು.

ಹಾಗಾದ್ರೆ ಪಿಕಪ್‌ನ ಫಾರ್ಮ್ ಕೆಲಸಕ್ಕೆ ಓಡಿಸಿದ ಎಣ್ಣೆಯ ತೆರಿಗೆ ಕಳ್ಕೊಳ್ಳೋದಾ? ಬೇಕಿಲ್ಲ, ಇದನ್ನ ಬಹಳ ಜನ ಬಳಸೋದೇ ಇಲ್ಲ ಅನ್ನೋದು ನನಗೆ ಬೇಜಾರು. ಬಂಕಿಂದ ತೆರಿಗೆ ಕಟ್ಟಿ ಕ್ಲಿಯರ್ ಡೀಸೆಲ್ ಹಾಕಿಸಿ, ಅದರಲ್ಲಿ ಎಷ್ಟು ಗ್ಯಾಲನ್ ಫಾರ್ಮಿನೊಳಗೆ ಫಾರ್ಮ್ ಕೆಲಸಕ್ಕೆ ಸುಟ್ರಿ ಅಂತ ಲೆಕ್ಕ ಇಡಿ, ವರ್ಷದ ಕೊನೇಲಿ ರಿಟರ್ನ್ ಜೊತೆ ಎಣ್ಣೆ ತೆರಿಗೆ ಕ್ರೆಡಿಟ್ ಕೇಳೋ ಅರ್ಜಿ, ಫಾರ್ಮ್ 4136, ಹಾಕಿದ್ರೆ ಗ್ಯಾಲನ್ನಿಗೆ 24.3 ಸೆಂಟ್ ಕ್ರೆಡಿಟ್ ಬರುತ್ತೆ. 24.4 ಅಲ್ವಾ ಕಟ್ಟಿದ್ದು ಅಂದ್ರೆ, ಆ 0.1 ಸೆಂಟ್ ನೆಲದಡಿ ಟ್ಯಾಂಕ್ ಸೋರಿಕೆ ಕ್ಲೀನ್ ಮಾಡೋ ಬೇರೆ ಫಂಡ್‌ಗೆ ಹೋಗೋದು, ಅದು ವಾಪಸ್ ಇಲ್ಲ. ಗಾಡಿಯಲ್ಲೇ ಒಂದು ನೋಟ್‌ಬುಕ್ ಇಡಿ, ತಾರೀಕು, ಹೊರಡುವಾಗಿನ ಮೀಟರ್, ಬಂದಾಗಿನ ಮೀಟರ್, ಏನು ಕೆಲಸ, ಇಷ್ಟೇ ಬರೀರಿ, ಬಂಕ್ ರಸೀದಿ ಅದರ ಮಧ್ಯೆ ಸಿಕ್ಕಿಸಿ. ಡೀಸೆಲ್ ಖರ್ಚನ್ನ ಸ್ಕೆಡ್ಯೂಲ್ ಎಫ್‌ನಲ್ಲಿ ಪೂರ್ತಿ ತೋರಿಸಿದ್ರೆ ಈ ಕ್ರೆಡಿಟ್ ಆದಾಯಕ್ಕೆ ಸೇರಿಸಬೇಕು, ಅದನ್ನ ಮರೀಬೇಡಿ. ಕೆಂಪು ಎಣ್ಣೆಗೆ ಮಾತ್ರ ಈ ಕ್ರೆಡಿಟ್ ಕೇಳಬೇಡಿ, ತೆರಿಗೆ ಕಟ್ಟದೇ ಇರೋದಕ್ಕೆ ವಾಪಸ್ ಏನು ಬರುತ್ತೆ.

ಟ್ರ್ಯಾಕ್ಟರ್ ರಸ್ತೆ ದಾಟೋದು ಕೇಳಿದ್ರಿ. ಫೆಡರಲ್ ಪ್ರಕಾರ ಹೈವೇ ವೆಹಿಕಲ್ ಅಂದ್ರೆ ರಸ್ತೆ ಮೇಲೆ ಹೊರೆ ಸಾಗಿಸೋಕೆ ಅಂತ ಡಿಸೈನ್ ಆದ ಗಾಡಿ. ಹೊಲದ ಟ್ರ್ಯಾಕ್ಟರ್ ಆ ವ್ಯಾಖ್ಯೆಗೆ ಬರಲ್ಲ, ಒಂದು ತುಂಡಿಂದ ಇನ್ನೊಂದು ತುಂಡಿಗೆ ಹೋಗೋಕೆ ರಸ್ತೆ ದಾಟಿದ ಮಾತ್ರಕ್ಕೆ ಅದು ಲಾರಿ ಆಗಿಬಿಡಲ್ಲ. ಸ್ಟೇಟ್ ರೂಲ್ ಒಂದೊಂದು ಕಡೆ ಒಂದೊಂದು ಥರ, ಟೆಕ್ಸಾಸ್‌ನಲ್ಲಿ ಮೋಟಾರ್ ಫ್ಯುಯೆಲ್ ವಿಷಯ ನೋಡೋದು ಕಂಪ್ಟ್ರೋಲರ್ ಆಫೀಸು (ಸ್ಟೇಟ್ ತೆರಿಗೆ ಕಚೇರಿ), ನಿಮ್ಮ ಟ್ರ್ಯಾಕ್ಟರ್ ಎಷ್ಟು ದೂರ ರಸ್ತೆಯಲ್ಲಿ ಹೋಗುತ್ತೆ ಅಂತ ಹೇಳಿ ಅವರನ್ನೇ ಕೇಳಿ ಬರಹದಲ್ಲಿ ಉತ್ತರ ತಗೊಳ್ಳಿ. ತೆರಿಗೆ ಇಲ್ಲದೆ ಬಲ್ಕಲ್ಲಿ ಕೆಂಪು ಡೀಸೆಲ್ ತರಿಸೋಕೆ ಅವರ ಹತ್ರಾನೇ ಎಂಡ್ ಯೂಸರ್ ನಂಬರ್ (ಎಣ್ಣೆ ಬಳಸೋರ ನೋಂದಣಿ ಸಂಖ್ಯೆ) ಮಾಡಿಸ್ಕೋಬೇಕು, ಅದನ್ನ ಮೊದಲು ಮಾಡಿಸಿ. ಪಕ್ಕದ ಅಜ್ಜನ ಹತ್ರ ಕೈಗಡದ ಥರ ತಗೊಳ್ಳೋದು ನಿಲ್ಲಿಸಿ, ಯಾಕಂದ್ರೆ ನೀವು ಪಿಕಪ್‌ಗೆ ಹಾಕ್ತೀರಿ ಅಂತ ಗೊತ್ತಿದ್ದೂ ಕೊಟ್ರು ಅಂತಾದ್ರೆ ಅದೇ ಫೈನ್ ಅವರ ಮೇಲೂ ಬೀಳುತ್ತೆ, ಒಳ್ಳೇ ಮನಸ್ಸಿಂದ ಕೊಟ್ಟ ಹಿರಿಯರಿಗೆ ನಿಮ್ಮಿಂದ ತೊಂದರೆ ಆಗಬಾರದು.

ಜನರೇಟರಿಗೆ ಧಾರಾಳವಾಗಿ ಹಾಕಿ. ಡೀಸೆಲ್ ವಿಷಯದಲ್ಲಿ ಫೆಡರಲ್ ನೋಡೋದು ಹೈವೇ ಗಾಡಿ ಅಥವಾ ರೈಲಿನ ಓಡಿಸೋ ಇಂಜಿನ್ನಾ ಅಲ್ವಾ ಅಂತ, ಮನೆ ಜನರೇಟರ್, ಬಿಸಿ ಮಾಡೋ ಫರ್ನೇಸ್, ನೀರೆತ್ತೋ ಪಂಪ್, ಮನೆ ಮುಂದಿನ ಹುಲ್ಲು ಕತ್ತರಿಸೋ ಡೀಸೆಲ್ ಮೋವರ್ ಇವ್ಯಾವೂ ಅದಲ್ಲ. ನಿಮ್ಮ ಹಾಗೇ ಒಬ್ರು ಆರ್‌ವಿ (ಒಳಗೇ ಮನೆ ಥರ ಇರಬಹುದಾದ ಗಾಡಿ) ಇಟ್ಕೊಂಡಿದಾರೆ, ಅದರ ಜನರೇಟರ್ ಎಣ್ಣೆ ಎಳೆಯೋದು ಗಾಡಿಯ ಟ್ಯಾಂಕಿಂದಲೇ, ಅಲ್ಲಿ ಆಗಲ್ಲ. ಫ್ರೀಜರ್ ಟ್ರೇಲರ್ ಕೂಲಿಂಗ್ ಯೂನಿಟ್ಟಿಗೆ ಬೇರೆ ಟ್ಯಾಂಕ್ ಇದ್ರೆ ಅದಕ್ಕೆ ಕೆಂಪು ನಡೆಯುತ್ತೆ, ಎಳೆಯೋ ಟ್ರಕ್ಕಿಗೆ ಇಲ್ಲ. ಕಟ್ಟಡ ಕೆಲಸದವರು ತಿಳ್ಕೋಬೇಕಾದ್ದೂ ಒಂದಿದೆ, ಎಕ್ಸ್‌ಕವೇಟರ್, ಲೋಡರಿಗೆ ಕೆಂಪು ಸರಿ, ಆದ್ರೆ ರಿಜಿಸ್ಟರ್ ಆಗಿರೋ ಡಂಪ್ ಟ್ರಕ್ ಇಡೀ ದಿನ ಸೈಟಿನೊಳಗೇ ಓಡಿದ್ರೂ ಅದಕ್ಕೆ ಆ ವಿನಾಯಿತಿ ಸಿಗಲ್ಲ, ಫಾರ್ಮಿನವರಿಗೆ ಇರೋ ಸ್ವಲ್ಪ ಸಡಿಲ ಅವರಿಗೆ ಇಲ್ಲ. ಹಳದಿ ಸ್ಕೂಲ್ ಬಸ್ಸು, ಕೌಂಟಿ ಗಾಡಿಗಳಿಗೆ ಕೆಂಪು ತುಂಬಿಸೋದು ನೋಡಿ ಅವರು ಮಾಡಿದ್ರೆ ನಾವು ಯಾಕೆ ಮಾಡಬಾರದು ಅಂತ ಅಂದ್ಕೋಬೇಡಿ, ಅವರಿಗೆ ಕಾನೂನಲ್ಲೇ ರಸ್ತೆ ಮೇಲೂ ಅನುಮತಿ ಇದೆ. ಚಂಡಮಾರುತ ಬಂದಾಗ ಮಾತ್ರ ಐಆರ್‌ಎಸ್ ಎಲ್ಲರಿಗೂ ಕೆಲವು ದಿನ ಫೈನ್ ಬಿಡೋದುಂಟು, 2017ರಲ್ಲಿ ಹಾರ್ವೆ ಬಂದಾಗ ನಮ್ಮ ಟೆಕ್ಸಾಸ್‌ನಲ್ಲೇ ಬಿಟ್ಟಿದ್ರು, ಆದ್ರೆ ಬಿಟ್ಟಿದ್ದು ಫೈನ್, 24.4 ಸೆಂಟ್ ತೆರಿಗೆ ಕಟ್ಟಲೇಬೇಕಿತ್ತು.

ಕೆಂಪು ಎಣ್ಣೆ ಇಂಜಿನ್ ಹಾಳು ಮಾಡುತ್ತೆ ಅಂತ ಯಾರಾದ್ರೂ ಹೇಳಿದ್ರೆ ಅದು ಹಳೇ ಕಾಲದ ಮಾತು. ಆಗ ಹೊಲದ ಡೀಸೆಲ್‌ನಲ್ಲಿ ಗಂಧಕ ಜಾಸ್ತಿ ಇರ್ತಿತ್ತು. ರಸ್ತೆ ಡೀಸೆಲ್ 2006ರಿಂದ, ಹೊಲದ ಡೀಸೆಲ್ 2010ರಿಂದ 15 ಪಿಪಿಎಂಗೆ (ಹತ್ತು ಲಕ್ಷ ಭಾಗಕ್ಕೆ 15 ಭಾಗ ಗಂಧಕ) ಇಳಿದಿದೆ, ಈಗ ಎರಡೂ ಒಂದೇ ಗುಣಮಟ್ಟ, ವ್ಯತ್ಯಾಸ ಬಣ್ಣ ಮತ್ತೆ ತೆರಿಗೆ ಅಷ್ಟೇ. ಬೇರೆ ದೇಶದ ರೂಲ್ಸ್ ಓದಿ ಇಲ್ಲಿಗೆ ಹೊಂದಿಸೋಕೂ ಹೋಗಬೇಡಿ, ಬ್ರಿಟನ್‌ನಲ್ಲೂ ಕೆಂಪೇ, ಆದ್ರೆ ಅಲ್ಲಿ 2022ರ ಏಪ್ರಿಲ್ 1ರಿಂದ ಕಟ್ಟಡ ಕೆಲಸದ ಯಂತ್ರಗಳಿಗೆ ಅದನ್ನ ನಿಲ್ಲಿಸಿದಾರೆ, ರೈತರಿಗೆ ಉಳಿಸಿದಾರೆ, ಐರ್ಲೆಂಡಲ್ಲಿ ಹಸಿರು.

ಕ್ಯಾನ್ ವಿಷಯ ಹೇಳಲೇಬೇಕು, ಯಾಕಂದ್ರೆ ಹೊಸಬರು ಮೋಸ ಹೋಗೋದು ಇಲ್ಲೇ. ಕೆಂಪು ಡೀಸೆಲ್ ಅಂತ ಕೆಂಪು ಕ್ಯಾನಿಗೆ ತುಂಬಿಸ್ತಾರೆ. ಇಲ್ಲಿ ಕೆಂಪು ಕ್ಯಾನ್ ಅಂದ್ರೆ ಪೆಟ್ರೋಲ್, ಡೀಸೆಲ್‌ಗೆ ಹಳದಿ, ಸೀಮೆಎಣ್ಣೆಗೆ ನೀಲಿ. ಹಾಗಾಗಿ ಎರಡು ಹಳದಿ ಕ್ಯಾನ್ ಇಡಿ, ಒಂದರ ಮೇಲೆ ಕಪ್ಪು ಮಾರ್ಕರಲ್ಲಿ ದಪ್ಪಕ್ಕೆ 'ಡೈಡ್, ಟ್ರ್ಯಾಕ್ಟರ್' ಅಂತ ಬರೆದು ಟ್ರ್ಯಾಕ್ಟರ್ ಶೆಡ್ಡಲ್ಲೇ ಇಡಿ, ಇನ್ನೊಂದು ಪಿಕಪ್ ಹತ್ರ. ಫನಲ್ಲೂ ಬೇರೆ ಬೇರೆ ಇರಲಿ. ಪಿಕಪ್ ಹಿಂದೆ ಟ್ರಾನ್ಸ್‌ಫರ್ ಟ್ಯಾಂಕ್ ಇಟ್ಟು ಟ್ರ್ಯಾಕ್ಟರಿಗೆ ಕೆಂಪು ಎಣ್ಣೆ ಹೊತ್ಕೊಂಡು ಹೋಗೋದು ತಪ್ಪಲ್ಲ, ಆ ಟ್ಯಾಂಕಿಂದ ಪಿಕಪ್ ಇಂಜಿನ್ನಿಗೆ ಯಾವ ಪೈಪೂ ಇರಬಾರದು, ಟ್ಯಾಂಕ್ ಮೇಲೆ ಲೇಬಲ್ ಇರಬೇಕು.

ಇನ್ನು ನೀವು ಹಾಕಿದ ಆ 10 ಗ್ಯಾಲನ್. ಇಳಿಸುವಾಗ ಎಷ್ಟು ಸಿಕ್ತು ಅಂತ ಅಳೆದು ಬರ್ಕೊಳ್ಳಿ. ಹಾಕಿದ ಮೇಲೆ ಗಾಡಿ ಒಂದ್ಸಲಾನೂ ರಸ್ತೆಗೆ ಹೋಗಿಲ್ಲ, ಬೇಲಿ ಕೆಲಸಕ್ಕೆ ಮಾತ್ರ ಓಡಿದೆ ಅಂದ್ರೆ ಕಟ್ಟೋದು ಏನೂ ಇಲ್ಲ. ರಸ್ತೆಗೆ ಹೋಗಿದ್ರೆ ಅಲ್ಲಿ ಸುಟ್ಟ ಗ್ಯಾಲನ್ನಿಗೆ 24.4 ಸೆಂಟ್ ಫೆಡರಲ್ ತೆರಿಗೆ ಬಾಕಿ ಇದೆ, ಹತ್ತಕ್ಕೆ ಹತ್ತೂ ಸುಟ್ಟಿದ್ರೂ 2 ಡಾಲರ್ 44 ಸೆಂಟ್, ಐಆರ್‌ಎಸ್‌ನ ಅಬಕಾರಿ ತೆರಿಗೆ ಅರ್ಜಿ, ಫಾರ್ಮ್ 720ರಲ್ಲಿ ಕಟ್ಟೋದು. ಸ್ಟೇಟ್ ಭಾಗ ಕಂಪ್ಟ್ರೋಲರ್ ಹತ್ರ ಎಂಡ್ ಯೂಸರ್ ನಂಬರ್ ಮಾಡಿಸೋಕೆ ಹೋದಾಗಲೇ ಕೇಳಿ. ಫಿಲ್ಟರ್ ತಗೊಂಡ ರಸೀದಿ, ಇಳಿಸಿದ ದಿನದ ಫೋಟೋ, ಆಮೇಲೆ ಬಂಕಲ್ಲಿ ತುಂಬಿಸಿದ ಬಿಲ್ಲು, ಈ ಮೂರನ್ನೂ ಗ್ಲವ್ ಬಾಕ್ಸಲ್ಲಿ ಒಂದು ಕವರಿನೊಳಗೆ ಇಟ್ಟುಬಿಡಿ, ಹೊಸ ಫಿಲ್ಟರ್ ಹಾಕಿದ ಮೇಲೆ ಎರಡು ಮೂರು ಟ್ಯಾಂಕ್ ಓಡೋವರೆಗೂ ಆ ಕವರ್ ಅಲ್ಲೇ ಇರಲಿ, ಮತ್ತೆ ಒಂದ್ಸಲ ಗಾಜಿನ ಲೋಟಕ್ಕೆ ಸ್ವಲ್ಪ ಇಳಿಸಿ ಬಿಸಿಲಿಗೆ ಹಿಡಿದು ನೋಡಿ, ಕೆಂಪಿನ ಛಾಯೆ ಏನಾದ್ರೂ ಕಂಡ್ರೆ ಇನ್ನೊಂದ್ಸಲ ತೊಳೆಸಿ.